ಕಲ್ಲಿನೊಳಗಿನ ಸದ್ದು

"ಚಾಪೆ ಸ್ವಲ್ಪ ಸರಿಸ್ತೀರಾ?"

ಅನಿಲ್‌ಕುಮಾರ್ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಮಣ್ಣು, ಕಲ್ಲುಗಳಿಂದ ಸಹಜವಾಗಿ ಹೊಮ್ಮುವ ವಿಕಿರಣ ಅಳೆಯಲು ಅಲ್ಲಿಂದ ದೂರವಿಲ್ಲದ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳಲ್ಲಿ ಮನೆಮನೆಗೂ ಮೀಟರ್ ಹಿಡಿದು ಅಲೆಯುತ್ತಿದ್ದ.

ಜ್ಯೋತಿಲಕ್ಷ್ಮಿ ಚಾಪೆ ಸರಿಸಿದಳು. ಕೆಳಗೆ ಫಳಫಳ ಹೊಳೆಯುವ ಗ್ರಾನೈಟ್. ಮೀಟರ್ ಟಿಕ್ ಟಿಕ್ ಎಂದಿತು. ಅವಳ ಮುಖ ಬಿಳುಚಿತು.

"ಹಾಗಾದ್ರೆ ಈ ಕಲ್ಲೇ ಅವರನ್ನ ತಿಂತು."

ಎರಡು ವರ್ಷದ ಹಿಂದೆ ಅವಳ ಗಂಡ ಕೆಂಪರಾಜು ಬ್ಲಡ್ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ನೆಲಕ್ಕೆ ಗ್ರಾನೈಟೇ ಬೇಕೆಂದು ಹಟ ಹಿಡಿದಿದ್ದವಳು ಅವಳು. ಕಲ್ಲಲ್ಲಿ ರೇಡಿಯೇಷನ್ ಇರುತ್ತೆ ಅಂತ ಯಾರೋ ಅಂದಂದಿನಿಂದ ಅತ್ತೆ ಮುನಿತಾಯಮ್ಮ ಅವಳೊಡನೆ ಮಾತು ಬಿಟ್ಟಿದ್ದರು. ಹಾಲ್ ತುಂಬ ಚಾಪೆ ಹಾಸಿ, ಜ್ಯೋತಿ ಜಗಲಿಯಲ್ಲಿ ಮಲಗುತ್ತಿದ್ದಳು.

"ಬನ್ನಿ ನನ್ ಜೊತೆ," ಅಂದ ಅನಿಲ್.

ಜಗಲಿ, ಹೊಂಗೆಮರದ ಬುಡ, ರಾಗಿ ಹೊಲದ ಬದು. ಎಲ್ಲ ಕಡೆ ಅದೇ ಟಿಕ್ ಟಿಕ್. ಮನೆಯೊಳಗೆ ಒಂಚೂರು ಹೆಚ್ಚು, ಅಷ್ಟೇ. ಅವಳಿಗೆ ನಂಬಿಕೆ ಬರಲಿಲ್ಲ.

ಮುಂದಿನ ಭಾನುವಾರ, ವಿಕಿರಣವನ್ನು ಕಣ್ಣಿಗೇ ತೋರಿಸಲು, ಅವನು ಗಾಜಿನ ಪೆಟ್ಟಿಗೆ, ಡ್ರೈ ಐಸ್, ಸ್ಪಿರಿಟ್ ತಂದ. ಕಿಟಕಿ ಮುಚ್ಚಿ ಟಾರ್ಚ್ ಬಿಟ್ಟ. ಗಾಜಿನೊಳಗೆ ಸ್ಪಿರಿಟ್ಟಿನ ಆವಿ ತಣಿದು ಕಟ್ಟಿದ ಮಂಜಿನಲ್ಲಿ ಸಣ್ಣ ಬಿಳಿ ಎಳೆಗಳು ಮೂಡಿ ಮಾಯವಾಗತೊಡಗಿದವು.

"ವಿಕಿರಣ ಹಾದುಹೋದ ದಾರಿ ಇದು. ಆಕಾಶದಿಂದಲೂ ಬರುತ್ತೆ, ಗಾಳೀಲೂ ಇರುತ್ತೆ."

"ನನ್ನೊಳಗೂ?"

"ನಿಮ್ಮೊಳಗೂ, ನನ್ನೊಳಗೂ."

ಅವಳು ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ.

"ಪೆಟ್ಟಿಗೆ ಇಲ್ಲಿದೆ, ಮೇಷ್ಟ್ರೇ."

"ಗೊತ್ತು," ಅಂದ, ಕಣ್ಣು ಕದಲಿಸದೆ.

ಬಾಗಿಲಲ್ಲಿ ನಿಂತಿದ್ದ ಮುನಿತಾಯಮ್ಮ ಕೇಳಿದರು, "ಹಂಗಾದ್ರೆ ನನ್ ಮಗನಿಗೆ ಯಾಕೆ ಬಂತಪ್ಪಾ?"

"ಗೊತ್ತಿಲ್ಲಮ್ಮ. ಆದ್ರೆ ಈ ನೆಲದಿಂದ್ಲೇ ಅನ್ನೋಕೆ ನನಗೇನೂ ಕಾಣ್ತಿಲ್ಲ."

ಮುನಿತಾಯಮ್ಮ ಮೆಲ್ಲಗೆ ಬಂದು, ಸೊಸೆಯ ಪಕ್ಕ ಬರಿ ಕಲ್ಲಿನ ಮೇಲೆ ಕೂತು, ಅವಳ ಕೈ ಹಿಡಿದುಕೊಂಡರು.

ಸಂಜೆ ಅಂಗಳದಲ್ಲಿ ಅನಿಲ್ ಸಾಮಾನು ಕಟ್ಟಿಕೊಂಡ. "ಇನ್ನು ಬರೋಕೆ ನನಗೆ ನೆಪ ಇಲ್ಲ. ನೀವು ಒಪ್ಪಿದ್ರೆ ಬದುಕೆಲ್ಲ ನಿಮ್ ಜೊತೆ ಇರೋ ಆಸೆ."



"ಕೊಂದವಳ ಥರಾನೇ ಇದ್ದೆ ಇಷ್ಟು ದಿನ. ಅವರಿಗೋಸ್ಕರ ಒಂದು ಹನಿ ಕಣ್ಣೀರು ಹಾಕಿಲ್ಲ ನಾನು. ಮೊದ್ಲು ಅದಾಗ್ಬೇಕು."

"ಕಾಯ್ತೀನಿ."

"ಕಾಯಿರಿ ಅನ್ನೋ ಧೈರ್ಯ ನನಗಿಲ್ಲ." ಚಪ್ಪಲಿ ಮೆಟ್ಟಿ, "ಬಸ್‌ಸ್ಟಾಪ್‌ವರೆಗೂ ಬರ್ತೀನಿ," ಅಂದಳು.

ಬೀದಿಯುದ್ದಕ್ಕೂ ಜನ ನೋಡಿದರು. ಅವಳು ತಲೆ ತಗ್ಗಿಸದೆ ಅವನ ಪಕ್ಕದಲ್ಲೇ ನಡೆದಳು. ದೊಡ್ಡಬಳ್ಳಾಪುರದ ಬಸ್ಸು ಬಂತು. ಕಿಟಕಿಯ ಸರಳಿನ ಮೇಲಿದ್ದ ಅವನ ಬೆರಳುಗಳನ್ನು ಒಮ್ಮೆ ಮುಟ್ಟಿದಳು. ಬಸ್ಸು ಹೊರಟಿತು. ಧೂಳು ಇಳಿಯುವ ಮೊದಲೇ ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ಯಾರು ನೋಡಿದರೇನು ಎಂದು, ಕೆಂಪರಾಜುವಿಗಾಗಿ ಬಾಯಿಬಿಟ್ಟು ಅತ್ತಳು.