ಕುಂಕುಮವಿಲ್ಲದ ಗೇಜು

ಎಪ್ಪತ್ತಾರನೇ ಇಸವಿ. ದಸರಾ ಮುಗಿದ ವಾರ. ಹಿರಿಯೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ, ಉಕ್ಕು ಕಡೆಯುವ ಲೇತುಗಳ ಪೈಕಿ ಒಂದರಿಂದ ಬಂದ ಯಾವ ಶಾಫ್ಟೂ ಬೆಳಿಗ್ಗೆಯಿಂದ ಬೇರಿಂಗಿಗೆ ಇಳಿದಿರಲಿಲ್ಲ. ಎಲ್ಲವೂ ಕೂದಲೆಳೆಯಷ್ಟು ದಪ್ಪ.

"ಬೇಕಂತ್ಲೇ ಮಾಡ್ಯಾನೆ ಸಾರ್," ಎಂದ ಮಾಲೀಕ ಕಾಟಲಿಂಗಪ್ಪ. "ಕರಿಯಣ್ಣನ ಲೇತಿನ ಮಾಲು ಇದು. ರಜಾ ಕೊಡ್ಲಿಲ್ಲ ಅಂತ ಮೊನ್ನೆ ಜಗಳ ಆಡಿದ್ದ. ಕರ್ಕಂಡು ಹೋಗ್ರಿ."

ಸಬ್ ಇನ್‌ಸ್ಪೆಕ್ಟರ್ ಚಿತ್ರಲಿಂಗಪ್ಪನಿಗೆ ಅವಸರವೆಂಬುದೇ ಗೊತ್ತಿಲ್ಲ. ಕಾಫಿ ಹೀರುತ್ತ ಕರಿಯಣ್ಣನನ್ನು ನೋಡಿದ. ಅವನ ಕಣ್ಣು ತುಂಬಿತ್ತು.

"ಜಗಳ ಆಡಿದ್ದು ನಿಜ ಸಾಮಿ. ಆದ್ರೆ ಒಂದೊಂದು ಶಾಫ್ಟನ್ನೂ ಗೇಜಿಗೆ ತೂರ್ಸೇ ಕೆಳಗಿಟ್ಟೀನಿ."

ಗೇಜು ಎಂದರೆ ಉಕ್ಕಿನ ಉಂಗುರ. ಶಾಫ್ಟ್ ಅದರೊಳಗೆ ತೂರಿದರೆ ಅಳತೆ ಸರಿ. ಮೊದಲೆಲ್ಲ ಮಾಲು ಮುಗಿದ ಮೇಲೆ ಚೆಕಿಂಗ್ ರೂಮಿನಲ್ಲಿ ಶಿವಕುಮಾರಪ್ಪ ಒಬ್ಬನೇ ಅಳೆಯುತ್ತಿದ್ದ. ಈ ವರ್ಷದಿಂದ ಪ್ರತಿ ಲೇತಿನ ಪಕ್ಕದಲ್ಲೂ ಒಂದೊಂದು ಗೇಜು ತೂಗುಹಾಕಿದ್ದರು.

"ನಾನು ಆಗ್ಲೇ ಹೇಳಿದ್ದೆ," ಎಂದ ಶಿವಕುಮಾರಪ್ಪ. "ಅಳತೆ ಲೇತಿನೋರ ಕೈಗೆ ಕೊಡಬ್ಯಾಡ್ರಿ ಅಂತ."

* * *

ಚಿತ್ರಲಿಂಗಪ್ಪ ಲೇತುಗಳ ಸಾಲಿನಲ್ಲಿ ನಡೆದ. ಆಯುಧಪೂಜೆಯ ಕುಂಕುಮ ಎಲ್ಲ ಕಡೆ ಇನ್ನೂ ಹಾಗೇ ಇತ್ತು: ಲೇತಿಗೆ, ಸ್ಪ್ಯಾನರಿಗೆ, ಗೇಜಿಗೆ. ಕರಿಯಣ್ಣನ ಗೇಜಿಗೆ ಮಾತ್ರ ಇರಲಿಲ್ಲ.

"ಒರೆಸಿದ್ಯೇನಪ್ಪ?"

"ಶಿವ ಶಿವಾ. ಪೂಜೆ ಕುಂಕುಮ ಯಾರಾನ ಒರೆಸ್ತಾರಾ? ನಾನೇ ಹಚ್ಚಿದ್ದೆ."

ಚಿತ್ರಲಿಂಗಪ್ಪ ದಪ್ಪ ಶಾಫ್ಟೊಂದನ್ನು ತೆಗೆದುಕೊಂಡ. ಅದು ಕರಿಯಣ್ಣನ ಗೇಜಿನಲ್ಲಿ ಸಲೀಸಾಗಿ ತೂರಿತು. ಪಕ್ಕದ ಗೇಜಿಗೆ ಹಿಡಿದರೆ ಒಳಗೇ ಹೋಗಲಿಲ್ಲ. ಯಾರೋ ಗೇಜು ಬದಲಾಯಿಸಿ, ತೂತು ತುಸು ದೊಡ್ಡದಿದ್ದ ಬೇರೆಯದನ್ನು ತೂಗುಹಾಕಿದ್ದರು.

ಅವನು ನೆಟ್ಟಗೆ ಚೆಕಿಂಗ್ ರೂಮಿಗೆ ಹೋಗಿ, ಗೋಡೆಯ ದೇವರ ಪಟದ ಹಿಂದೆ ಕೈ ಹಾಕಿದ. ಕುಂಕುಮ ಹಚ್ಚಿದ ಗೇಜು ಸಿಕ್ಕಿತು. ಹಿಂದೆಯೇ ಬಂದಿದ್ದ ಶಿವಕುಮಾರಪ್ಪ ತಲೆ ತಗ್ಗಿಸಿದ.

* * *

"ಅದು ಅಲ್ಲೇ ಐತೆ ಅಂತ ಹೆಂಗೆ ಗೊತ್ತಾತು?" ಎಂದ ಕಾಟಲಿಂಗಪ್ಪ.

"ಶಾಫ್ಟ್ ಸಣ್ಣ ಆಗಿದ್ರೆ ಗುಜರಿಗೇ ಹೋಗ್ಬೇಕಿತ್ತು. ದಪ್ಪ ಆದ್ರೆ ಮತ್ತೆ ಲೇತಿಗೆ ಹಾಕಿ ಸಣ್ಣ ಮಾಡಬಹುದು. ಅಂದ್ರೆ ಮಾಡಿದೋನಿಗೆ ಮಾಲು ಕೆಡೋದು ಬ್ಯಾಡ, ಕರಿಯಣ್ಣನ ಹೆಸರು ಕೆಟ್ರೆ ಸಾಕು. ಅಳತೆ ತನ್ನ ರೂಮಿಗೆ ವಾಪಸ್ ಬರ್ಬೇಕು ಅಂತ ಯಾರಿಗಿತ್ತು? ಇನ್ನು, ಪೂಜೆ ಮಾಡಿದ ಗೇಜನ್ನ ಯಾರೂ ತಿಪ್ಪೆಗೆ ಎಸೆಯಲ್ಲ. ಕಳ್ಳನೂ ದೇವರ ಹತ್ರನೇ ಇಡ್ತಾನೆ."

"ಹೊರಗೆ ಒಯ್ದೆ ಸಾರ್," ಎಂದ ಶಿವಕುಮಾರಪ್ಪ, ತಲೆ ಎತ್ತದೆ. "ಎಸೆಯಾಕೆ ಕೈ ಬರ್ಲಿಲ್ಲ."

ಕಾಟಲಿಂಗಪ್ಪ ಕರಿಯಣ್ಣನ ಹೆಗಲ ಮೇಲೆ ಕೈಯಿಟ್ಟ. "ತಪ್ಪಾತಪ್ಪ. ಗೇಜು ನಿನ್ನ ಲೇತಿನ ಹತ್ರನೇ ಇರ್ಲಿ."

ಕರಿಯಣ್ಣ ಗೇಜನ್ನು ಕಣ್ಣಿಗೊತ್ತಿಕೊಂಡು ಲೇತು ಚಾಲೂ ಮಾಡಿದ. ದಪ್ಪ ಶಾಫ್ಟ್ ಒಂದನ್ನು ತುಸು ಕಡೆದು, ಗೇಜಿಗೆ ತೂರಿಸಿ, ಬೇರಿಂಗಿಗೆ ಹಿಡಿದ. ಮೆತ್ತಗೆ ಇಳಿಯಿತು. ಅವನ ಮುಖ ಅರಳಿದ್ದನ್ನು ಕಂಡು ಚಿತ್ರಲಿಂಗಪ್ಪನಿಗೆ ಹಾಯೆನಿಸಿತು. ಇನ್ನೊಂದು ಕಾಫಿ ತರಿಸಲು ಹೇಳಿದ.