ಬಲಗಿವಿಯ ಗುರುತು

ಬೇಸಿಗೆ ಕಾಲಿಟ್ಟ ಹೊಸತು, ಬೆಳಿಗ್ಗೆ ಏಳು ಗಂಟೆ. ಬೀದಿನಾಯಿ ಹಿಡಿಯುವ ಗಾಡಿಯಲ್ಲಿ ನಾನು, ನನ್ನ ಹೆಂಡತಿಯ ತಮ್ಮ ಇಬ್ಬರೇ ಇದ್ದೆವು. ಹಿಡಿದ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ, ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿ ಬಿಡುವುದು ನಮ್ಮ ಕೆಲಸ.

ಹಿಂದೊಮ್ಮೆ ಆತುರದಲ್ಲಿ ಒಂದು ಕೆಂಚು ನಾಯಿಗೆ ಲಸಿಕೆಗೆ ಮೊದಲೇ ಕಿವಿ ಕತ್ತರಿಸಿಬಿಟ್ಟಿದ್ದೆ, ಅದೂ ಬಲಗಿವಿ. ಕತ್ತರಿಸಿದ ಕಿವಿ ನೋಡಿ ಲಸಿಕೆ ಆಗಿದೆಯೆಂದೇ ಲಸಿಕೆ ಹಾಕುವವರು ಅದನ್ನು ಬಿಟ್ಟರು. ಅದು ಕಚ್ಚಿ ಮೂಲೆಯಂಗಡಿಯ ದರ್ಜಿ ಸತ್ತ. ನಾಯಿಯೂ ಸತ್ತಿತು, ಸುಣ್ಣ ಹಾಕಿ ನಾನೇ ಹೂತೆ. ನನ್ನ ತಪ್ಪನ್ನು ಯಾರಿಗೂ ಹೇಳಲಿಲ್ಲ.

ಆ ಬೆಳಿಗ್ಗೆ ದರ್ಜಿಯ ಬೀದಿಗೆ ತಿರುಗಿದರೆ ಬಿಸಿಲಿನಲ್ಲೂ ಮೈ ಕೊರೆಯುವ ಚಳಿ. ಬೀದಿಯ ಒಂಬತ್ತು ನಾಯಿಗಳೂ ಅವನ ಮುಚ್ಚಿದ ಅಂಗಡಿಯ ಮುಂದೆ ಸಾಲಾಗಿ ಕೂತಿದ್ದವು. ಒಂದೂ ಬೊಗಳಲಿಲ್ಲ.

“ಭಾವ, ಇವಕ್ಕೆಲ್ಲ ಎಡಗಿವಿ ಕತ್ತರಿಸಿದ್ದು ನೀವೇ ಅಲ್ವಾ?”

“ಹೂಂ ಕಣೋ, ನಿನ್ನ ಕಣ್ಣಿಗೇನಾಯ್ತು?”

“ನನ್ನ ಕಣ್ಣು ಸರಿಯಾಗೇ ಇದೆ. ನೀವೇ ಬಂದು ನೋಡಿ.”

ಮುಟ್ಟಿ ನೋಡಿದೆ. ಒಂಬತ್ತಕ್ಕೂ ಎಡಗಿವಿ ಇಡಿಯಾಗಿತ್ತು, ಬಲಗಿವಿಗೆ ತುದಿ ಇರಲಿಲ್ಲ. ಗಾಯ ಹೊಸದಲ್ಲ, ಎಂದೋ ಒಣಗಿ ಕೂದಲು ಬೆಳೆದಿತ್ತು.

ನನ್ನ ಮೊಮ್ಮಗಳು ಶಾಲೆಗೆ ಹೋಗುವುದು ಅದೇ ಬೀದಿಯಲ್ಲಿ. ಅಂದೇ ಕಚೇರಿಗೆ ಹೋಗಿ ತಪ್ಪೊಪ್ಪಿಕೊಂಡು, ಒಂಬತ್ತಕ್ಕೂ ಮತ್ತೆ ಲಸಿಕೆ ಹಾಕಿಸಿದೆ. ಕಿವಿಗಳು ಮಾತ್ರ ಹಾಗೆಯೇ ಉಳಿದವು. ಹೆಂಡತಿಯ ತಮ್ಮ ಹೆದರಿ ಅದೇ ವಾರ ಊರು ಬಿಟ್ಟು ಹೋದ.