ಕೋವಾಲ್ಬದ ನೀರಿನ ತೊಟ್ಟಿ

"ಗುಹೆ ಸರಿ, ನೋಡೋಣ. ಆಮೇಲೆ ಆ ಕೋವಾಲ್ಬ ಅನ್ನೋ ಹಳ್ಳೀಲಿ ಏನಿದೆ? ಕಲ್ಲು, ಕುರಿ. ಅಷ್ಟೇ ತಾನೆ?"

ಬಸ್ಸಿನ ಹಿಂದಿನ ಸೀಟಿನಿಂದ ಬೆಲ್ತ್ರಾನ್ ಹೀಗೆಂದಾಗ ಇಡೀ ಕ್ಲಾಸು ನಕ್ಕಿತು. ಒಲಾಯಾ ಮಾತ್ರ ಕಿಟಕಿಯತ್ತ ಮುಖ ತಿರುಗಿಸಿದಳು. ಕಾಲೇಜಿಗೆ ಸೇರಿದಾಗಿನಿಂದ ಈ ಮಡ್ರಿಡ್ ಹುಡುಗನ ಮೇಲೆ ಅವಳಿಗೆ ಮನಸ್ಸು. ಇವತ್ತಿನ ಪ್ರವಾಸಕ್ಕೆಂದೇ ಹಸಿರು ಸ್ಕಾರ್ಫನ್ನು ಎರಡು ಸಲ ಇಸ್ತ್ರಿ ಮಾಡಿದ್ದಳು. ಎಲ್ಲ ದಂಡ.

"ಅದು ನನ್ನೂರು," ಎಂದಳು, ತಿರುಗದೆ.

ನಗು ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಲ್ತ್ರಾನನ ಕಿವಿ ಕೆಂಪಾಯಿತು.

ಗುಹೆಯ ಮಂದ ಬೆಳಕಿನಲ್ಲಿ ಅವನು ಮೆಲ್ಲಗೆ ಅವಳ ಪಕ್ಕಕ್ಕೆ ಬಂದು ನಿಂತ. ಎದುರಿನ ಬಂಡೆಯ ಮೇಲೆ ಸಾವಿರಾರು ವರ್ಷ ಹಳೆಯ ಕೆಂಪು ಕೈಗುರುತುಗಳಿದ್ದವು.

"ಕೋಪಾನಾ?"

"ಕಲ್ಲಿಗೆ ಎಲ್ಲಾದ್ರೂ ಕೋಪ ಬರುತ್ತಾ?"

"ಬಾಯಿ ತಪ್ಪಿ ಬಂತು ಕಣೇ."

"ನಿನ್ನ ಬಾಯಿ ತಪ್ಪದೇ ಇದ್ದಿದ್ದು ಯಾವಾಗ?"

ಅವನು ನಕ್ಕ. "ನಿಮ್ಮೂರಿನೋರು ಆಗಿಂದ್ಲೂ ಹೀಗೇನಾ? ಮನಸಲ್ಲಿದ್ದಿದ್ದನ್ನ ಗೋಡೆಗೆ ಕೈ ಒತ್ತಿ ಹೇಳಿಬಿಡೋದು?"

"ಹೌದು. ನಾವು ಮುಚ್ಚಿಡೋ ಜನ ಅಲ್ಲ."

ಹೇಳಿದ ಮೇಲೆ, ತಾನು ವರ್ಷದಿಂದ ಮುಚ್ಚಿಟ್ಟಿರುವುದು ನೆನಪಾಯಿತು. ಸದ್ಯ, ಆ ಮಂದ ಬೆಳಕಿನಲ್ಲಿ ಅವಳ ಮುಖ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಗುಹೆಯಿಂದ ಊರಿಗೆ ಇಳಿಯುವ ಕಲ್ಲುಹಾಸಿನಲ್ಲಿ ಅವಳ ಕಾಲು ಜಾರಿತು. ಅವನು ಕೈ ಹಿಡಿದ. ಅವನು ಬಿಡಲು ಮರೆತ, ಅವಳು ಬಿಡಿಸಿಕೊಳ್ಳಲು ಮರೆತಳು. ಹಾಗೆಯೇ ಊರ ಚೌಕಕ್ಕೆ ಬಂದುಬಿಟ್ಟರು. ಕೋವಾಲ್ಬದ ಹುಡುಗಿ ಮರೆಯಬಾರದಿದ್ದದ್ದು ಅದೊಂದನ್ನೇ.

ಮದ್ಯದಂಗಡಿಯ ಮೆಟ್ಟಿಲಿಂದ ಅವಳ ದೊಡ್ಡಪ್ಪನ ಮಗ ಫೆರ್ಮಿನ್ ಗೆಳೆಯರೊಂದಿಗೆ ಎದ್ದ. "ಏನಮ್ಮಾ ತಂಗಿ, ಪರವೂರ ಗಂಡು ತಂದ್ಯಾ? ಏಯ್ ಹುಡುಗ, ವೈನೋ, ತೊಟ್ಟಿಯೋ?"

ಅದು ಕೋವಾಲ್ಬದ ಹಳೇ ಕಟ್ಟಳೆ: ಊರ ಹುಡುಗಿಯ ಕೈಹಿಡಿದು ಚೌಕಕ್ಕೆ ಬಂದ ಪರವೂರಿನವನು ಇಲ್ಲಿನ ಹುಡುಗರಿಗೆಲ್ಲ ವೈನ್ ಕುಡಿಸಬೇಕು, ಇಲ್ಲವೇ ಚೌಕದಲ್ಲಿರುವ, ದನ ನೀರು ಕುಡಿಯುವ ತೊಟ್ಟಿಯಲ್ಲಿ ಮುಳುಗಬೇಕು. 'ಅವಳು ನನ್ನವಳಲ್ಲ' ಎಂದರೆ ಸುಮ್ಮನೆ ಬಿಡುತ್ತಾರೆ. ಆದರೆ ಆ ಮಾತನ್ನು ಊರು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತದೆ.

ಒಲಾಯಾ ಕೈ ಎಳೆದುಕೊಂಡಳು. ಬೇಡಿಕೊಳ್ಳುವ ಜಾತಿ ಅವಳದಲ್ಲ. "ಬರೀ ಕ್ಲಾಸ್‌ಮೇಟ್ ಅನ್ನು, ಬಿಡ್ತಾರೆ," ಎಂದಳು. ಅವನು ಹಾಗೆ ಅಂದುಬಿಟ್ಟರೆ ಎಂದು ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸುಳ್ಳು ಹೇಳ್ಲಾ?" ಎಂದು ಬೆಲ್ತ್ರಾನ್ ತನ್ನ ಕನ್ನಡಕ ತೆಗೆದು ಅವಳ ಕೈಗಿತ್ತ.

"ಚಳಿ ಇದೆ ಮಾರಾಯ, ವೈನ್ ಕೊಡ್ಸು ಸಾಕು," ಎಂದ ಫೆರ್ಮಿನ್.

"ಕೊಡ್ಸಿದ್ರೆ, ಪಟ್ಟಣದೋನು ದುಡ್ಡು ಬಿಸಾಕಿ ತಪ್ಪಿಸ್ಕೊಂಡ ಅಂತಾಳೆ. ಇವಳ ಬಾಯಿ ನಿಮಗೆ ಗೊತ್ತಲ್ಲ."

ಶೂ ಬಿಚ್ಚಿಟ್ಟು, ತಾನೇ ತೊಟ್ಟಿಗಿಳಿದು ತಲೆಯವರೆಗೂ ಮುಳುಗಿದ. ಎದ್ದಾಗ ಹಲ್ಲು ಕಟಕಟಗುಟ್ಟುತ್ತಿತ್ತು.

"ಒ-ಒಲಾಯಾ! ವರ್ಷದಿಂದ ಹೇಳ್ಬೇಕು ಅಂತಿದ್ದೆ. ನೀನಂದ್ರೆ ನಂಗೆ ತುಂಬಾ ಇಷ್ಟ ಕಣೇ!"

ಮೇಲಿನ ಬಾಲ್ಕನಿಯಿಂದ ಚಿಕ್ಕಮ್ಮ ಬೆನಿಲ್ದೆ ಕೂಗಿದಳು: "ನಿಮ್ಮ ಚಿಕ್ಕಪ್ಪನ್ನ ಆಗ ನಾಲ್ಕು ಜನ ಹೊತ್ತು ತೊಟ್ಟಿಗೆ ಹಾಕ್ಬೇಕಾಯ್ತು! ಈ ಮಹರಾಯ ತಾನಾಗೇ ಬಿದ್ದ. ಬಿಡ್ಬೇಡ ಕಣೇ ಹುಡುಗಿ!"

ಚೌಕವೆಲ್ಲ ಚಪ್ಪಾಳೆ. ಒಲಾಯಾಳಿಗೆ ತನ್ನ ಊರಿನ ಮೇಲೂ ಅವನ ಮೇಲೂ ಒಟ್ಟಿಗೇ ಹೆಮ್ಮೆ ಉಕ್ಕಿತು. ಇಸ್ತ್ರಿ ಮಾಡಿದ ಸ್ಕಾರ್ಫಿನಿಂದಲೇ ಅವನ ಮುಖ ಒರೆಸಿದಳು.

"ನಂಗೂ ನೀನಂದ್ರೆ ಇಷ್ಟ," ಎಂದಳು, ಬಾಲ್ಕನಿಗೂ ಕೇಳುವಂತೆ. "ತೊಟ್ಟೀಲಿ ಮುಳುಗಿದೋನು ಈ ಊರಿನೋನೇ ಆಗ್ಬಿಡ್ತಾನೆ, ಗೊತ್ತಾ? ಈಗ ಹೇಳು, ಕೋವಾಲ್ಬದಲ್ಲಿ ಏನಿದೆ?"

"ಕ-ಕಲ್ಲು, ಕುರಿ," ಎಂದ ಅವನು, ಗಡಗಡ ನಡುಗುತ್ತಲೇ ಎದೆಯುಬ್ಬಿಸಿ. "ನಮ್ಮವು."